ಒಂದು ಗೆಣ್ಣಿದ್ದರೆ ಸಾಕು

ಮಲೆನಾಡಿನ ಮನೆಗಳಿಂದ ನೆಂಟರು ಎರಡು ಸಲ ಹೊರಡುತ್ತಾರೆ. ಮೊದಲ ಸಲ ಜಗಲಿಯಲ್ಲಿ ಕುಂಕುಮ ಇಟ್ಟುಕೊಂಡು, ‘ಬರ್ತೇವೆ’ ಎಂದು ಹೇಳಿ ಮೆಟ್ಟಿಲು ಇಳಿದಾಗ. ಎರಡನೆಯ ಸಲ, ನಿಜವಾಗಿ. ನಡುವಿನ ಅರ್ಧ ಗಂಟೆ ಅಂಗಳದ ಅಂಚಿನ ಹೂಕುಂಡಗಳ ಮುಂದೆ ಕಳೆಯುತ್ತದೆ. ಗಂಡಸರು ಕಾರಿನ ಬಾಗಿಲು ತೆಗೆದು ಕಾಯುತ್ತಾರೆ. ಹೆಂಗಸರು ಬಗ್ಗಿ ಎಲೆ ಮಗುಚಿ ನೋಡುತ್ತಾರೆ, ಮಣ್ಣು ಮುಟ್ಟುತ್ತಾರೆ, ‘ಈ ಬಣ್ಣದ್ದು ನಮ್ಮಲ್ಲಿಲ್ಲ’ ಅನ್ನುತ್ತಾರೆ. ಅಷ್ಟು ಸಾಕು, ಮನೆಯಾಕೆ ಕತ್ತಿ ತರಲು ಒಳಗೆ ಹೋಗಿಯಾಯಿತು. ಒಂದು ಗೆಣ್ಣು, ಒಂದು ಹಿಳ್ಳು, ಒಂದು ಗಡ್ಡೆ ಒದ್ದೆ ಪಾಚಿಯಲ್ಲೋ ಬಾಳೆಪಟ್ಟೆಯಲ್ಲೋ ಸುತ್ತಿಕೊಂಡು ಕಾರಿನ ಹಿಂಬದಿ ಸೇರುತ್ತದೆ.

ನಮ್ಮ ಅಂಗಳದ ಕುಂಡಗಳಲ್ಲಿ ಹೆಚ್ಚಿನವು ಹೀಗೆ ಬಂದವು. ಅವನ್ನು ನಾವು ಕರೆಯುವುದೂ ಬಂದ ಮನೆಯ ಹೆಸರಿನಿಂದಲೇ. ಹೊಳೆಯಾಚೆ ಮನೆ ಬಿಗೋನಿಯಾ, ದೊಡ್ಡಮ್ಮನ ಡೇರೆ, ಟೀಚರ್ ಕೊಟ್ಟ ಕ್ರೋಟನ್. ಇವುಗಳಲ್ಲಿ ಯಾವುದೂ ಹಣ್ಣು ಬಿಡುವುದಿಲ್ಲ, ಪಲ್ಯಕ್ಕೆ ಬರುವುದಿಲ್ಲ. ಅಡಿಕೆ ತೋಟದ ಲೆಕ್ಕಪುಸ್ತಕದಲ್ಲಿ ಇವಕ್ಕೆ ಒಂದು ಸಾಲಿನ ಜಾಗವೂ ಇಲ್ಲ. ಆದರೂ ಬೇಸಿಗೆಯಲ್ಲಿ ಬಾವಿ ತಳ ಕಾಣುವಾಗ ಪಾತ್ರೆ ತೊಳೆದ ನೀರನ್ನು ಹಿಡಿದಿಟ್ಟು ಇವಕ್ಕೆ ಹಾಕುವ ಕೈಗಳನ್ನು ಮನೆಮನೆಯಲ್ಲೂ ನೋಡಿದ್ದೇನೆ. ಚಂದಕ್ಕೆ ಅಷ್ಟು ನೀರು ಸಲ್ಲಬೇಕು ಅನ್ನುವವರ ಪೈಕಿ ನಾನೂ ಒಬ್ಬಳು.

ಗಿಡ ಸಾಕುವುದು ಒಂದು, ಗಿಡದಿಂದ ಗಿಡ ಮಾಡುವುದು ಇನ್ನೊಂದು. ನರ್ಸರಿಯಿಂದ ತಂದ ಗಿಡ ನೀರು, ಬಿಸಿಲು, ಗೊಬ್ಬರ ಸರಿಹೋದರೆ ಚೆನ್ನಾಗಿಯೇ ಇರುತ್ತದೆ. ಅದು ಒಳಗೆ ಹೇಗಿದೆ, ತನ್ನ ಪ್ರಾಣವನ್ನು ಎಲ್ಲಿ ಇಟ್ಟುಕೊಂಡಿದೆ ಎಂಬುದು ಗೊತ್ತಾಗುವುದು ಅದರಿಂದ ಎರಡನೆಯದನ್ನು ಎಬ್ಬಿಸುವಾಗಲೇ. ಒಂದಕ್ಕೆ ಗೆಣ್ಣಿನಲ್ಲಿ, ಒಂದಕ್ಕೆ ಎಲೆಯ ನರದಲ್ಲಿ, ಒಂದಕ್ಕೆ ನೆಲದಡಿಯ ಕಾಂಡದಲ್ಲಿ, ಇನ್ನೊಂದಕ್ಕೆ ಗಡ್ಡೆಯ ಕುತ್ತಿಗೆಯಲ್ಲಿ. ಆ ಜಾಗ ಗೊತ್ತಿದ್ದರೆ ಬೆರಳುದ್ದದ ತುಂಡೂ ಗಿಡ. ಗೊತ್ತಿಲ್ಲದಿದ್ದರೆ ಗೇಣುದ್ದದ ಕೊಂಬೆಯೂ ಕಸ.

ಮನಿ ಪ್ಲಾಂಟ್‌ನಿಂದ ಶುರು ಮಾಡುತ್ತೇನೆ, ಅದು ಇಲ್ಲದ ಮನೆಯೇ ಇಲ್ಲವಲ್ಲ. ಕದ್ದು ತಂದರೆ ಮಾತ್ರ ಚೆನ್ನಾಗಿ ಬರುತ್ತದೆ ಎಂಬ ಮಾತು ಊರೂರಲ್ಲೂ ಇದೆ. ಆದರೆ ಅದರ ಹೂವನ್ನು ನೋಡಿದವರು ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿ ನೋಡಿ. ಸಿಗುವುದಿಲ್ಲ. ಪೆಸಿಫಿಕ್ ಸಾಗರದ ಮೂರಿಯಾ ಎಂಬ ಪುಟ್ಟ ದ್ವೀಪದಿಂದ ಲೋಕವೆಲ್ಲ ಹಬ್ಬಿದ ಈ ಬಳ್ಳಿ ತಾನಾಗಿ ಹೂ ಬಿಟ್ಟ ಕೊನೆಯ ದಾಖಲೆ 1964ರದ್ದು. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಬಳ್ಳಿ ಹೂ ಬಿಟ್ಟಿತು. ಹೂವಿಲ್ಲದಲ್ಲಿ ಬೀಜವೆಲ್ಲಿಯದು? ಅಂದರೆ ಇಷ್ಟು ಕಾಲವೂ ಮನುಷ್ಯರ ಕೈ ಕತ್ತರಿಸಿ ಊರಿದ್ದರಿಂದಲೇ ಅದು ಇಷ್ಟು ಮನೆಗಳನ್ನು ಮುಟ್ಟಿತು. ನಮ್ಮ ಬಚ್ಚಲ ಕಿಟಕಿಯ ಬಾಟಲಿಯಲ್ಲಿ ಇರುವುದು ಬೆಂಗಳೂರಿನ ತಂಗಿಯ ಬಾಲ್ಕನಿಯಲ್ಲಿ ಇರುವುದರ ಮಗಳೂ ಅಲ್ಲ, ಅಕ್ಕನೂ ಅಲ್ಲ. ಎರಡೂ ಒಂದೇ ಬಳ್ಳಿ. ನಡುವಿನ ಮುನ್ನೂರೈವತ್ತು ಕಿಲೋಮೀಟರು ಬಳ್ಳಿಗೆ ಲೆಕ್ಕಕ್ಕಿಲ್ಲ.

ಬೀಜದಿಂದ ಹುಟ್ಟಿದ್ದು ಹೊಸ ಜೀವ. ಅದಕ್ಕೆ ತಂದೆಯಿದ್ದಾನೆ, ತಾಯಿಯಿದ್ದಾಳೆ, ಇಬ್ಬರಿಗೂ ಇಲ್ಲದ ತನ್ನದೇ ಗುಣವೂ ಇರಬಹುದು. ಕಡ್ಡಿಯಿಂದ ಬಂದದ್ದು ಹಳೆಯ ಜೀವವೇ, ಹೊಸ ಕುಂಡದಲ್ಲಿ. ಈ ವ್ಯತ್ಯಾಸ ಮನಸ್ಸಿಗೆ ಇಳಿದ ಮೇಲೆ ನನಗೆ ಅಂಗಳ ಬೇರೆಯೇ ಆಗಿ ಕಾಣತೊಡಗಿತು.

ಕಡ್ಡಿ ಊರುವ ಕಾಲ ನಮ್ಮಲ್ಲಿ ಮೃಗಶಿರ, ಆರಿದ್ರಾ ಮಳೆ. ಜೂನ್ ಮೊದಲ ವಾರದಿಂದ ಜುಲೈ ಆರಂಭದವರೆಗೆ. ಕತ್ತರಿಸಿದ ಕಡ್ಡಿಯ ಕಷ್ಟವನ್ನು ನೆನೆಸಿಕೊಂಡರೆ ಈ ಕಾಲವೇ ಯಾಕೆ ಎಂದು ಅರ್ಥವಾಗುತ್ತದೆ. ಬೇರಿಲ್ಲ, ನೀರು ಕುಡಿಯುವಂತಿಲ್ಲ. ಎಲೆಗಳು ಮಾತ್ರ ಗಾಳಿಗೆ ನೀರು ಬಿಡುತ್ತಲೇ ಇರುತ್ತವೆ. ಬೇರು ಮೊಳೆಯುವುದರೊಳಗೆ ಒಡಲು ಒಣಗಬಾರದು, ಇದೊಂದೇ ಪಂದ್ಯ. ಗಾಳಿಯೇ ನೀರಿನಿಂದ ತುಂಬಿರುವ ಮೃಗಶಿರದಲ್ಲಿ ಎಲೆಗಳು ಬಿಡುವ ನೀರು ಕಡಿಮೆ. ಅದಕ್ಕೇ ಕೆಳಗಿನ ಎಲೆಗಳನ್ನು ಕಿತ್ತು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಊರುವುದು. ಪುನರ್ವಸು, ಪುಷ್ಯದ ಜಡಿಮಳೆ ಹಿಡಿಯಿತೆಂದರೆ ಅದೇ ನೀರು ಶತ್ರುವಾಗಿ ಕಡ್ಡಿಯ ಬುಡ ಕೊಳೆಯುತ್ತದೆ. ಆಗ ಊರುವುದಾದರೆ ಮಾಡಿನ ಕೆಳಗೆ, ಅರ್ಧಕ್ಕರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ಊರಬೇಕು. ಗೊಬ್ಬರ ಬೇಡ. ಬೇರಿಲ್ಲದವರಿಗೆ ಊಟವೆಂತದು? ಗೊಬ್ಬರದ ಜೊತೆ ಬೂಸ್ಟು ಬಂದು ಗಾಯಕ್ಕೆ ಅಂಟುವುದು ಮಾತ್ರ ಲಾಭ.

ಗೆಣ್ಣಿನ ಕೆಳಗೇ ಕತ್ತರಿಸಬೇಕೆಂದು ಅಜ್ಜಿಯಂದಿರು ಹೇಳುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಗಿಡದ ತುದಿಯ ಕುಡಿಯಲ್ಲಿ, ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಬುಡದ ಕಡೆಗೆ ಇಳಿಯುತ್ತದೆ. 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿ ಕತ್ತರಿಸಿ ಇದನ್ನು ಹಿಡಿದು ತೋರಿಸಿದರು. ಕಡ್ಡಿಯನ್ನು ಕತ್ತರಿಸಿದಾಗ ಇಳಿದು ಬರುವ ಆಕ್ಸಿನ್‌ಗೆ ಮುಂದೆ ದಾರಿಯಿಲ್ಲ. ಗಾಯದ ಬಳಿಯೇ ಅದು ಸೇರುತ್ತದೆ. ಕಾಂಡವಾಗಿಯೇ ಇರಬೇಕಾಗಿದ್ದ ಕೆಲವು ಕೋಶಗಳು ಆಗ ಮನಸ್ಸು ಬದಲಿಸಿ ಬೇರಾಗುತ್ತವೆ. ಬಹಳಷ್ಟು ಗಿಡಗಳಲ್ಲಿ ಗೆಣ್ಣಿನ ಸುತ್ತ ಇದು ಸುಲಭ. ಕಡ್ಡಿಯನ್ನು ತಲೆಕೆಳಗಾಗಿ ಊರಿದರೂ ಬುಡ ಯಾವುದು, ತುದಿ ಯಾವುದು ಎಂಬುದನ್ನು ಅದು ಮರೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿರುವುದು ಇದೇ ಆಕ್ಸಿನ್‌ನ ಒಂದು ರೂಪ. ಕೋಲಿಯಸ್, ಮನಿ ಪ್ಲಾಂಟ್‌ಗಳಿಗೆ ಅದರ ಅಗತ್ಯವೇ ಇಲ್ಲ. ಬೋಗನ್‌ವಿಲ್ಲಾದಂಥ ಹಟಮಾರಿಗಳಿಗೆ ಸಹಾಯವಾಗುತ್ತದೆ.

ಎಲೆಯಿಂದ ಗಿಡ ಬರುವುದು ನನಗೆ ಇಂದಿಗೂ ಬೆರಗೇ. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿಗಳು ಏಳುವುದನ್ನು ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ರೆಕ್ಸ್ ಬಿಗೋನಿಯಾದ ಸಂಗತಿ ಅದಕ್ಕಿಂತ ದೊಡ್ಡದು. ಅಸ್ಸಾಂ ಕಡೆಯ ಮೂಲದ, ಬೆಳ್ಳಿ ಮತ್ತು ನೇರಳೆ ಬಣ್ಣ ಬಳಿದುಕೊಂಡ ಅಗಲ ಎಲೆಯ ಗಿಡ ಅದು. ಬಲಿತ ಒಂದು ಎಲೆಯನ್ನು ಮಗುಚಿ, ದಪ್ಪ ನರಗಳನ್ನು ಅಲ್ಲಲ್ಲಿ ಬ್ಲೇಡಿನಿಂದ ಗೀರಿ, ಒದ್ದೆ ಮರಳಿನ ಮೇಲೆ ಅಂಗಾತ ಹರಡಿ, ನರ ಮರಳಿಗೆ ತಾಗುವಂತೆ ಸಣ್ಣ ಕಲ್ಲು ಹೇರಬೇಕು. ಕೆಲವು ವಾರಗಳ ಮೇಲೆ ಗೀರಿದ ಒಂದೊಂದು ಗಾಯದಲ್ಲೂ ಬೇರು, ಆಮೇಲೆ ಸುರುಳಿ ಬಿಚ್ಚುವ ಮರಿ ಎಲೆ, ಅದೂ ಹುಟ್ಟಿನಿಂದಲೇ ಪೂರ್ತಿ ಬಣ್ಣ ತೊಟ್ಟು. ನಮ್ಮ ಆಗುಂಬೆ ಘಾಟಿಯ ನೀರು ಜಿನುಗುವ ಬಂಡೆಗಳಲ್ಲಿ ಮಳೆಗಾಲಕ್ಕೆ ಕಾಡು ಬಿಗೋನಿಯಾಗಳು ತಾವಾಗಿ ಏಳುತ್ತವಲ್ಲ, ಅವುಗಳ ಓರೆಯೆಲೆಯ ಗುರುತು ಹಿಡಿದವರಿಗೆ ಕುಂಡದ ಬಿಗೋನಿಯಾಕ್ಕೆ ಏನು ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೆರಳು, ತಂಪು, ನಿಲ್ಲದೆ ಹರಿದುಹೋಗುವ ನೀರು.

ಆಫ್ರಿಕನ್ ವಯೊಲೆಟ್ ಕೂಡ ಎಲೆಯ ತೊಟ್ಟಿನಿಂದ ಮರಿ ಹಾಕುತ್ತದೆ. ಈಗಿನ ಟಾಂಜಾನಿಯಾದ ಉಸಾಂಬರಾ ಬೆಟ್ಟಗಳಿಂದ 1892ರಲ್ಲಿ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ತನ್ನ ತಂದೆಗೆ ಕಳಿಸಿಕೊಟ್ಟ ಗಿಡ ಅದು. ಅದೂ ಕೊಟ್ಟು ಹಬ್ಬಿದ್ದೇ.

ಎಲ್ಲ ಎಲೆಗಳಿಗೂ ಈ ಶಕ್ತಿಯಿಲ್ಲ. ಹೃದಯದಾಕಾರದ ಒಂದೇ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಪ್ರೇಮಿಗಳ ದಿನಕ್ಕೆ ಮಾರುತ್ತಾರೆ, ಹೋಯಾ ಅದರ ಹೆಸರು. ಎಲೆ ಬೇರು ಬಿಡುತ್ತದೆ, ವರ್ಷಗಟ್ಟಲೆ ಹಸಿರಾಗಿ ನಿಲ್ಲುತ್ತದೆ, ಆದರೆ ಬುಡದಲ್ಲಿ ಕಾಂಡದ ಚೂರು, ಒಂದು ಮೊಗ್ಗಿನ ಕಣ್ಣು ಇಲ್ಲದಿದ್ದರೆ ಅದರಿಂದ ಬಳ್ಳಿ ಬರುವುದು ತೀರಾ ಅಪರೂಪ. ರಬ್ಬರ್ ಗಿಡದ ಎಲೆಯೂ ಹಾಗೆಯೇ. ಕೊಳ್ಳುವ ಹುಡುಗ ಹುಡುಗಿಯರಿಗೆ ಇದನ್ನು ಅಂಗಡಿಯವರು ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರು ದಿನಾ ನೀರು ಹಾಕಿ ಹೊಸ ಎಲೆಗೆ ಕಾಯುತ್ತಿರುತ್ತಾರೆ.

ಇನ್ನು ಹಾವಿನ ಪಟ್ಟೆಯಂಥ ಗೆರೆಗಳಿರುವ, ಅಂಚಿಗೆ ಹಳದಿ ಜರಿಯಿರುವ ಸ್ನೇಕ್ ಪ್ಲಾಂಟ್. ಇದರ ಎಲೆಯನ್ನು ತುಂಡು ಮಾಡಿ ಊರಿದರೆ ಮರಿ ಬಂದೇ ಬರುತ್ತದೆ, ಆದರೆ ಹಳದಿ ಅಂಚು ಇರುವುದಿಲ್ಲ! ಪೂರ್ತಿ ಹಸಿರು. ಮಣ್ಣಿನ ತಪ್ಪಲ್ಲ, ಬಿಸಿಲಿನ ತಪ್ಪೂ ಅಲ್ಲ. ಆ ಎಲೆಯಲ್ಲಿ ಎರಡು ಬೇರೆ ಬೇರೆ ಜೀವಕೋಶಗಳ ಸಂಸಾರ ಪದರ ಪದರವಾಗಿ ಒಟ್ಟಿಗಿದೆ, ಒಂದು ಹಸಿರಿನದು, ಒಂದು ಹಸಿರು ಮಾಡಲಾರದ್ದು. ಎಲೆಯ ತುಂಡಿನಿಂದ ಹೊಸ ಮೊಳಕೆ ಏಳುವಾಗ ಒಳಗಿನ ಹಸಿರು ಕೋಶಗಳಷ್ಟೇ ಸೇರಿ ಏಳುತ್ತವೆ. ಜೊತೆಗಾರರು ಹಿಂದೆಯೇ ಉಳಿಯುತ್ತಾರೆ. ಜರಿ ಬೇಕೆಂದರೆ ನೆಲದಡಿಯ ಕಾಂಡವನ್ನು ಮೊಳಕೆ ಸಮೇತ ಕತ್ತರಿಸಿ ಬೇರ್ಪಡಿಸಬೇಕು. ಹಿಳ್ಳು ಒಡೆಯುವುದು ಎಂದು ನಾವು ಹೇಳುವ ಕೆಲಸ ಇದೇ. ಎಲೆ ಕೊಡಬೇಡಿ, ಹಿಳ್ಳೇ ಕೊಡಿ ಎಂದು ಕೇಳಿ ತರುವ ಹಳಬರಿಗೆ ಪದರಗಳ ವಿಷಯ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಕ್ರೋಟನ್‌ಗೆ ನಾನು ಕಡ್ಡಿಗಿಂತ ಗೂಟಿಯನ್ನೇ ನಂಬುತ್ತೇನೆ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಅಗಲಕ್ಕೆ ಸುತ್ತಲೂ ಸಿಪ್ಪೆ ತೆಗೆದು, ಒದ್ದೆ ಪಾಚಿ ಕಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ಕಡೆ ಬಿಗಿಯುವುದು. ನೀರು ಮೇಲೇರುವುದು ಒಳಗಿನ ಕಟ್ಟಿಗೆಯಲ್ಲಿ, ಅದು ನಿಲ್ಲುವುದಿಲ್ಲ. ಎಲೆ ಮಾಡಿದ ಆಹಾರ ಇಳಿಯುವುದು ಸಿಪ್ಪೆಯಲ್ಲಿ, ಅದು ಗಾಯದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ. ಅಲ್ಲೇ ಬೇರು. ತಾಯಿಯ ಮೇಲಿರುವಾಗಲೇ ಮಗುವಿಗೆ ಕಾಲು ಬರಿಸುವ ಉಪಾಯ ಇದು, ಅವಸರದವರಿಗಲ್ಲ. ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಂದಾಗುವವರೆಗೆ ಕಾದು ಆಮೇಲೆ ಕತ್ತರಿಸಬೇಕು.

ಡೇರೆಯ ಬಗ್ಗೆ ಬರೆಯದೆ ಮಲೆನಾಡಿನ ಅಂಗಳದ ಮಾತು ಮುಗಿಯುವುದಿಲ್ಲ. ಹೊರಗಿನವರು ಡೇಲಿಯಾ ಎನ್ನುತ್ತಾರೆ. ಮೆಕ್ಸಿಕೋದ ಬೆಟ್ಟಗಳ ಗಿಡ. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನಿ ಕವನಿಯೆಸ್ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರನ್ನು ಅದಕ್ಕಿಟ್ಟರು. ಬಯಲುಸೀಮೆಯಲ್ಲಿ ಅದು ಚಳಿಗಾಲದ ಹೂ. ಸಾಗರ, ಸಿರಸಿ, ಹೊಸನಗರಗಳಲ್ಲಿ ಮಳೆಗಾಲದ್ದು. ಬೇಸಿಗೆಯಿಡೀ ಸತ್ತಂತೆ ಬಿದ್ದಿರುವ ಗಡ್ಡೆ ಮೇ ತಿಂಗಳ ಅಡ್ಡಮಳೆಗೆ ಕಣ್ಣು ಬಿಡುತ್ತದೆ. ಆಗ ಗೊಂಚಲನ್ನು ಬಿಡಿಸಿ ನೆಡಬೇಕು, ಹಂಚಬೇಕು.

ಹಂಚುವಾಗಲೇ ಜಾಣ್ಮೆ ಬೇಕಾಗುವುದು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಏಕೆಂದರೆ ಅದು ಕಾಂಡ. ಡೇರೆಯ ಗಡ್ಡೆ ದಪ್ಪಗಾದ ಬೇರು, ಅದಕ್ಕೆ ಕಣ್ಣಿರುವುದು ಕುತ್ತಿಗೆಯ ಮೇಲೆ, ಹಳೆಯ ಕಾಂಡ ಸೇರಿದ ಕಡೆ ಮಾತ್ರ. ಎಷ್ಟು ದಪ್ಪ ಗಡ್ಡೆಯಾದರೂ ಕುತ್ತಿಗೆ ಮುರಿದಿದ್ದರೆ ಅದು ಮಣ್ಣಿನಲ್ಲಿ ಹಾಗೇ ಉಳಿದು ಕೊಳೆಯುತ್ತದೆ. ಬೆರಳುಗಾತ್ರದ ಬಡಕಲು ಗಡ್ಡೆಗೆ ಒಂದು ಕೆಂಪು ಕಣ್ಣಿದ್ದರೆ ಶ್ರಾವಣಕ್ಕೆ ತಟ್ಟೆಯಗಲದ ಹೂ. ಕೊಡುವವರು ದಪ್ಪ ನೋಡಿ ಕೊಡಬಾರದು, ಕಣ್ಣು ನೋಡಿ ಕೊಡಬೇಕು. ಗಡ್ಡೆ ಕಡಿಮೆ, ಕೇಳುವವರು ಹೆಚ್ಚು ಎಂಬ ವರ್ಷದಲ್ಲಿ ಎಳೆ ಮೊಳಕೆ ಗೇಣುದ್ದವಾಗುವ ಮೊದಲೇ ಅದನ್ನು ಬುಡ ಸಮೇತ ಚಿವುಟಿ ಊರಿದರೂ ಆಗುತ್ತದೆ. ಅದೇ ಮಳೆಗಾಲದಲ್ಲಿ ಹೂ ಕೊಟ್ಟು, ಮಳೆ ಮುಗಿಯುವಾಗ ತನ್ನದೇ ಗಡ್ಡೆಯನ್ನೂ ಕಟ್ಟಿಕೊಳ್ಳುತ್ತದೆ.

ಬೀಜದಿಂದ ಬೆಳೆಸಬಹುದಲ್ಲ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬೆಳೆಸಬಹುದು, ಆದರೆ ದೊಡ್ಡಮ್ಮನ ಡೇರೆ ಮತ್ತೆ ಸಿಗುವುದಿಲ್ಲ. ಬಹಳಷ್ಟು ಗಿಡಗಳಲ್ಲಿ ಕ್ರೋಮೋಸೋಮುಗಳ ಸೆಟ್ ಎರಡು. ತೋಟದ ಡೇರೆಯಲ್ಲಿ ಎಂಟು. ಪ್ರತಿ ಬೀಜದಲ್ಲೂ ಆ ಎಂಟು ಬೇರೆ ಬೇರೆಯಾಗಿ ಕಲೆಸಿಕೊಳ್ಳುವುದರಿಂದ ಒಂದೇ ಹೂವಿನ ಬೀಜಗಳಿಂದ ಒಂದು ಕೆಂಪು, ಒಂದು ಹಳದಿ, ಒಂದು ಒಂಟಿ ಸುತ್ತಿನದು ಬರುತ್ತದೆ. ಹೊಸತು ಬೇಕಾದವರಿಗೆ ಅದು ಹಬ್ಬ. ಅದೇ ಬೇಕಾದವರಿಗೆ ಗಡ್ಡೆಯೊಂದೇ ದಾರಿ.

ನೆಟ್ಟ ಮೇಲಿನ ಆರೈಕೆಯೂ ಕಡಿಮೆಯದಲ್ಲ. ಸುಡುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಮರಳು ಸೇರಿಸಿ ಕುಂಡಕ್ಕೋ ಪ್ಲಾಸ್ಟಿಕ್ ಚೀಲಕ್ಕೋ ತುಂಬಿ, ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ ಸಾಲಾಗಿ ಇಡುವುದು. ನೀರು ನಿಲ್ಲುವುದಿಲ್ಲ, ಬಸವನಹುಳು ಸುಲಭವಾಗಿ ಹತ್ತುವುದಿಲ್ಲ. ಕಾಂಡ ಟೊಳ್ಳು, ಮಳೆ ಹೊಡೆತಕ್ಕೆ ಮುರಿಯುತ್ತದೆ, ಕೋಲು ಕಟ್ಟಲೇಬೇಕು. ದೊಡ್ಡ ಹೂ ಬೇಕಾದವರು ಪಕ್ಕದ ಮೊಗ್ಗು ಚಿವುಟುತ್ತಾರೆ. ನಾನು ಚಿವುಟುವುದಿಲ್ಲ. ಗೌರಿ ಹಬ್ಬಕ್ಕೆ ಸಣ್ಣವಾದರೂ ತುಂಬ ಹೂಗಳಿರಲಿ.

ಎಷ್ಟೋ ವಿದೇಶಿ ಗಿಡಗಳು ಹಡಗು ಹತ್ತಿ ಬದುಕಿ ಬಂದದ್ದೂ ಒಂದು ಮುಚ್ಚಿದ ಗಾಜಿನ ದೆಸೆಯಿಂದ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಪೊರೆಹುಳುವನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಮಣ್ಣಿನಲ್ಲಿ ಜರೀಗಿಡ ಎದ್ದು, ನೀರು ಹಾಕದೆಯೇ ಉಳಿಯಿತು. ಮೇಲೇರಿದ ಆವಿ ಗಾಜಿಗೆ ತಾಗಿ ಮತ್ತೆ ಮಣ್ಣಿಗೆ ಬೀಳುತ್ತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಆಸ್ಟ್ರೇಲಿಯಾವರೆಗೆ ಜೀವಂತವಾಗಿ ಹೋದವು. ಹೊರಗಿನ ಗಿಡಗಳಿಗೆ ನಮ್ಮ ರಾಜ್ಯದಲ್ಲಿ ಮನೆ ಮಾಡಿಕೊಟ್ಟ ಜಾಗ ಲಾಲ್‌ಬಾಗ್. 1874ರಿಂದ 1908ರವರೆಗೆ ಅಲ್ಲಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಅವರ ನಂತರ ಕ್ರುಂಬಿಗಲ್ ತಂದು ಒಗ್ಗಿಸಿದ ಗಿಡಗಳು ಎಷ್ಟೋ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂವಿನ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಕಾಲು ಎಳೆಯುವುದು ಕುಂಡದ ಗಿಡಗಳ ಸಾಲಿನ ಕಡೆಗೆ. ಒಂದೊಂದರ ಹಿಂದೆಯೂ ಕಡ್ಡಿ ಕತ್ತರಿಸಿದ ಒಂದು ಕೈ ಇದೆ. ತಂಗಿಯ ಬಾಲ್ಕನಿಯ ಒಣಗಾಳಿಗೂ ವಾರ್ಡ್‌ರ ಪೆಟ್ಟಿಗೆಯೇ ಮದ್ದು. ನೀರಿನ ಬಾಟಲಿಯ ತಳ ಕತ್ತರಿಸಿ ಕಡ್ಡಿಯ ಮೇಲೆ ಕವುಚಿದರೆ ಅವಳಿಗೆ ಬೇಸಿಗೆಯಲ್ಲೂ ಒಂದು ಮೃಗಶಿರ ಮಳೆ.

ಈಗ ಅಂಗಾಂಶ ಕೃಷಿ ಬಂದಿದೆ. ಕುಡಿಯ ತುದಿಯ ಸಾಸಿವೆಯಷ್ಟು ಚೂರಿನಿಂದ ಗಾಜಿನ ಸೀಸೆಗಳಲ್ಲಿ ಸಾವಿರಾರು ಸಸಿ. ಆಂತೂರಿಯಂ ಒಂದು ಹಿಳ್ಳು ಹಾಕಲು ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಹೂ ಇಂದು ತಾಲ್ಲೂಕು ಪೇಟೆಯ ನರ್ಸರಿಯಲ್ಲಿ ಸಿಗುತ್ತದೆ. ಬಾಡಿಗೆ ಮನೆಯ ಹುಡುಗಿಯೂ ಕೊಂಡು ಕಿಟಕಿಯಲ್ಲಿ ಇಡುವಂತಾಯಿತು, ಅದು ಒಳ್ಳೆಯದೇ. ಆದರೆ ಕೊಂಡ ಗಿಡ ಹೋದರೆ ಇನ್ನೊಂದು ಕೊಳ್ಳಬೇಕು. ಕೊಟ್ಟ ಗಿಡ ಹೋದರೆ ಹಾಗಲ್ಲ. ಇದನ್ನು ನನಗೆ ತಿಳಿಸಿಕೊಟ್ಟದ್ದು 2019ರ ಆಗಸ್ಟ್.

ಆ ತಿಂಗಳ ಮಳೆ ಮಲೆನಾಡಿನವರಿಗೆ ನೆನಪಿದೆ. ನಮ್ಮ ಅಂಗಳದ ಮೇಲಿನ ಧರೆ ರಾತ್ರಿ ಜರಿದು ಅಟ್ಟಣಿಗೆಯನ್ನೂ ಕುಂಡಗಳನ್ನೂ ತಳ್ಳಿಕೊಂಡು ತೋಟಕ್ಕೆ ಇಳಿಯಿತು. ಮನೆ ಉಳಿಯಿತು, ಕೊಟ್ಟಿಗೆ ಉಳಿಯಿತು, ಯಾರಿಗೂ ಏನೂ ಆಗಲಿಲ್ಲ. ಗಿಡಗಳ ಬಗ್ಗೆ ಅಳುವುದಕ್ಕೆ ಅದು ಸಮಯವಾಗಿರಲಿಲ್ಲ, ನಾನು ಅತ್ತೆ. ದೊಡ್ಡಮ್ಮ ತೀರಿಕೊಂಡು ಕೆಲವೇ ವರ್ಷಗಳಾಗಿದ್ದವು. ಅವಳ ಡೇರೆ, ಒಳಗೆ ಕಡುಗೆಂಪು, ತುದಿಗೆ ಬಿಳಿ ಅಂಚು, ಮಣ್ಣಿನಡಿ ಹೋಗಿತ್ತು.

ಮುಂದಿನ ಮೇ ತಿಂಗಳಲ್ಲಿ ಗಡ್ಡೆಗಳು ಬರತೊಡಗಿದವು. ಹೊಳೆಯಾಚೆ ಮನೆಯವರು ಬಿಗೋನಿಯಾದ ಜೊತೆಗೆ ನಾನೇ ಎಂದೋ ಕೊಟ್ಟಿದ್ದ ಡೇರೆ ತಂದರು. ಟೀಚರ್ ಹೊಸ ಕ್ರೋಟನ್ ಗೂಟಿ ಕಳಿಸಿದರು. ಕೊಟ್ಟದ್ದೇ ಮರೆತುಹೋಗಿದ್ದ ಒಂದು ಮನೆಯಿಂದ, ಯಲ್ಲಾಪುರದ ಕಡೆಯಿಂದ, ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಗೌರಿ ಹಬ್ಬಕ್ಕೆ ಮೊಗ್ಗು ಬಿರಿದಾಗ ಕಡುಗೆಂಪಿಗೆ ಬಿಳಿ ಅಂಚು. ಅದರಂಥದ್ದೇ ಇನ್ನೊಂದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದೊಡ್ಡಮ್ಮ ತನ್ನ ಕೈಯಿಂದ ನೆಟ್ಟಿದ್ದ ಗಿಡವೇ ಅದು. ಅಷ್ಟು ವರ್ಷ ಅದರ ಒಂದು ಭಾಗ ನಮ್ಮ ಅಂಗಳದಲ್ಲಿ, ಉಳಿದದ್ದು ಬೇರೆಯವರ ಅಂಗಳಗಳಲ್ಲಿ ಇತ್ತು. ನಮ್ಮ ಭಾಗ ಹೋದಾಗ ಉಳಿದದ್ದು ಬಂದು ಸೇರಿತು.

ಅಂದಿನಿಂದ ನನ್ನಲ್ಲಿರುವ ಪ್ರತಿ ಗಿಡವೂ ಕಡಿಮೆಯೆಂದರೆ ಬೇರೆ ಮೂರು ಮನೆಗಳಲ್ಲಿ ಇರಬೇಕೆಂದು ನಿಯಮ ಮಾಡಿಕೊಂಡಿದ್ದೇನೆ. ಒಂದು ಮನೆ ಘಟ್ಟದ ಕೆಳಗೆ, ಒಂದು ಬಯಲುಸೀಮೆಯಲ್ಲಿ, ಒಂದು ಊರಿನಲ್ಲೇ. ಒಂದೇ ಮಳೆ, ಒಂದೇ ಬರ ಮೂರನ್ನೂ ಮುಟ್ಟಬಾರದು. ಹಳೆಯ ಡೈರಿಯೊಂದರಲ್ಲಿ ಯಾವುದು ಯಾರಿಗೆ ಹೋಯಿತು ಎಂದು ಬರೆದಿಡುತ್ತೇನೆ. ಕೊಡುವಾಗ ಊರುವ ಬಗೆ ಹೇಳುತ್ತೇನೆ, ಇನ್ನೊಬ್ಬರಿಗೆ ಕೊಡಿ ಎಂದೂ ಹೇಳುತ್ತೇನೆ.

ರೆಕ್ಸ್ ಬಿಗೋನಿಯಾ ಮಾತ್ರ ಇನ್ನೂ ಎರಡೇ ಮನೆಯಲ್ಲಿದೆ. ಈ ಆರಿದ್ರಾ ಮಳೆಗೆ ಎರಡು ಎಲೆ ಗೀರಿ ಮರಳಿನ ಮೇಲೆ ಹಾಕುತ್ತೇನೆ, ಮರಿಗಳು ನವರಾತ್ರಿಯ ಹೊತ್ತಿಗೆ ಕೊಡುವಷ್ಟಾಗುತ್ತವೆ. ಒಂದು ಮೈಸೂರಿನ ಗೆಳತಿಗೆ ಎಂದು ಹೇಳಿಯಾಗಿದೆ. ಉಳಿದವು ಕೇಳಿದವರಿಗೆ.